ರಸಾಯನ ವಿಜ್ಞಾನಿಯ ಮೂಗು

ತಪ್ಪೆಲ್ಲ ಆ ತಲೆಯದೇ. ಕುಂಬಳಕಾಯಿಯಷ್ಟು ತಲೆ, ಅದರ ಕೆಳಗೆ ಬೆಂಕಿಕಡ್ಡಿಯಂಥ ಮೈ, ಕೈಯಲ್ಲೊಂದು ಹೊಗೆಯಾಡುವ ಗಾಜಿನ ಶೀಶೆ. ಅಂಚು ಹಳದಿಗಟ್ಟಿದ, ನೂರು ವರ್ಷದ ಹಳೆಯ ಚಿತ್ರ. ಯಾರೋ ಜಗತ್ಪ್ರಸಿದ್ಧ ರಸಾಯನ ವಿಜ್ಞಾನಿಯಂತೆ. ಶಾಲೆಯ ಹೆಡ್ ಮೇಡಂ ಬೆಳಿಗ್ಗೆ ಫೋಟೋ ಫ್ರೇಮಿನ ಅಂಗಡಿಗೆ ಬಂದು, ಕಟ್ಟು ಹಾಕಲು ಕೊಟ್ಟುಹೋಗಿದ್ದರು.

"ಪ್ರಯೋಗಾಲಯದ ಗೋಡೆಗೆ ಹಾಕ್ತಾರಂತೆ, ಐದಕ್ಕೆ ಬರ್ತಾರೆ," ಎಂದರು ಅಂಗಡಿಯ ಯಜಮಾನರಾದ ಸೋದರಮಾವ. "ಇದು ಹಿಡಿಸಿದ್ರೆ ಇನ್ನೂ ಹನ್ನೆರಡು ವಿಜ್ಞಾನಿಗಳು ನಮ್ಮಲ್ಲಿಗೇ ಬರ್ತಾರೆ. ಆಮೇಲೆ ನೀನು ಮೊಳೆ ಹೊಡೆಯೋದು ಬೇಡ. ಕೂತು ಬ್ರಷ್ ಹಿಡಿ, ಸಾಕು."

ಇಷ್ಟು ಹೇಳಿ ಮಾವ ಗಾಜು ತರಲು ಹೋದರು.

ಅಳಿಯನಿಗೆ ಬೀದಿಯವರಿಟ್ಟ ಹೆಸರು ತಿದ್ದುಪಡಿ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಮೊಳೆ ಹೊಡೆಯುವುದು ಅವನ ಹೊಟ್ಟೆಪಾಡು. ಹಳೇ ಫೋಟೋಗಳ ಮುಖ ತಿದ್ದುವುದು ಅವನ ಹೆಮ್ಮೆ. ಅವನ ಕೈಗೆ ಸಿಕ್ಕ ಯಾವ ಮೆಳ್ಳೆಗಣ್ಣೂ ಮೆಳ್ಳೆಯಾಗಿಯೇ ಹೊರಗೆ ಹೋದದ್ದಿಲ್ಲ. ಒಬ್ಬ ಬೊಚ್ಚುಬಾಯಿ ಅಜ್ಜನಿಗೆ ಅವನು ಮೂವತ್ತೆರಡೂ ಹಲ್ಲು ಕೂರಿಸಿಕೊಟ್ಟಾಗ, ಅಜ್ಜಿ "ಇವರು ಯಾರ ಮನೆಯವರು?" ಎಂದು ನಾಚಿಕೊಂಡಿದ್ದರು.

ಈ ಚಿತ್ರ ಕಂಡದ್ದೇ ಅವನ ರಕ್ತ ಕುದಿಯಿತು. "ಇಷ್ಟು ದೊಡ್ಡ ಮನುಷ್ಯನ್ನ ಯಾವನೋ ಕೈಬಾರದೋನು ಬರೆದು ಕೆಡಿಸಿದಾನೆ. ನೂರು ವರ್ಷದಿಂದ ಓದಿದೋರೆಲ್ಲ ನೋಡಿದಾರೆ, ಒಬ್ಬನಾದ್ರೂ ಸರಿಮಾಡಿದಾನಾ?"

ಕಾಗದಕ್ಕೆ ಹೊಂದುವ ಬಣ್ಣವನ್ನೇ ಕಲಸಿ, ತಲೆಯನ್ನು ಸುತ್ತಲಿಂದ ಮುಚ್ಚಿ ಚಿಕ್ಕದು ಮಾಡುತ್ತ ಬಂದ. ಪಕ್ಕದ ಕ್ಷೌರದಂಗಡಿಯಣ್ಣ ಬಾಚಣಿಗೆ ಹಿಡಿದೇ ಇಣುಕಿದ.

"ಗಡ್ಡ ನೋಡೋ ತಿದ್ದುಪಡಿ, ಎಡಗಡೆ ಒಂದು ಬೆರಳು ಉದ್ದ. ಹೀಗೆ ಎಬ್ಬಿಸಿ ಕಳಿಸಿದ್ರೆ ನಮ್ಮ ಗಿರಾಕಿ ಒದೀತಾನೆ."

ಎದುರಂಗಡಿಯ ದರ್ಜಿ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ. "ತಲೆ ಇಳಿಸಿದ ಮೇಲೆ ಭುಜ ಏರಿಸಬೇಕಪ್ಪ. ಕೋಟು ಗೂಟಕ್ಕೆ ನೇತುಹಾಕಿದ ಹಾಗಿದೆ."

ಗಡ್ಡ ಇಳಿಯಿತು, ಭುಜ ಏರಿತು. ಮಧ್ಯಾಹ್ನದ ಹೊತ್ತಿಗೆ ವಿಜ್ಞಾನಿ ಮದುಮಗನಾಗಿದ್ದ.

"ಕಣ್ಣು ಮುಚ್ಚಿ ಹೆಣ್ಣು ಕೊಡಬಹುದು," ಎಂದ ದರ್ಜಿ.

ಆಗ ಬಂದರು ಔಷಧಿ ಅಂಗಡಿಯವರು. ಬೀದಿಗೆಲ್ಲ ಇವರೊಬ್ಬರೇ ಡಿಗ್ರಿ ಓದಿದವರು. ಕನ್ನಡಕ ಏರಿಸಿ ನೋಡಿ, ಹಾಗೇ ಸ್ಟೂಲಿನ ಮೇಲೆ ಕುಸಿದರು.

"ಅಯ್ಯೋ ಮಹಾರಾಯ, ಇದು ವ್ಯಂಗ್ಯಚಿತ್ರ ಕಣೋ. ಬೇಕಂತಲೇ ತಲೆ ದೊಡ್ಡದು ಬರೆದಿರ್ತಾರೆ. ಆ ಸೊಟ್ಟತನಕ್ಕೇ ಬೆಲೆ. ಇನ್ನೊಂದು ಎಲ್ಲಿಂದ ತರ್ತೀಯ?"

"ಬೆಳಿಗ್ಗೆನೇ ಹೇಳಬಾರದಿತ್ತಾ ಸಾರ್?"

"ಬೆಳಿಗ್ಗೆ ನನ್ನ ಯಾರು ಕೇಳಿದ್ರು?"

ಓದಿದವರ ಜ್ಞಾನವೇ ಹಾಗೆ. ಮನೆ ಸುಟ್ಟ ಮೇಲೆ ಬಂದು ನೀರಿನ ಸೂತ್ರ ಹೇಳಿಕೊಡುತ್ತದೆ. ಕ್ಷೌರದಣ್ಣನಿಗೂ ದರ್ಜಿಗೂ ತಟ್ಟನೆ ಗಿರಾಕಿಗಳು ನೆನಪಾದರು. ಅಂಗಡಿಯಲ್ಲಿ ತಿದ್ದುಪಡಿ ಒಬ್ಬನೇ ಉಳಿದ.

ಗಂಟೆ ಮೂರು. ಹನ್ನೆರಡು ವಿಜ್ಞಾನಿಗಳು ಕಣ್ಣೆದುರೇ ಕೈಬೀಸಿ ಹೊರಟಿದ್ದರು. ಮತ್ತೆ ಸೊಟ್ಟ ಮುಖ ಬರೆಯಲು ಕೂತ. ಕೈ ಕೇಳಲಿಲ್ಲ. ಹತ್ತು ವರ್ಷ ನೇರ ಮಾಡಿಯೇ ರೂಢಿಯಾದ ಕೈ, ಮೂಗು ಬರೆದರೆ ಅಳತೆಪಟ್ಟಿ ಇಟ್ಟ ಹಾಗೆ ನೆಟ್ಟಗೆ ಇಳಿಯಿತು.

ಸಿಟ್ಟಿನಿಂದ ತಲೆಯೆತ್ತಿ ಹೊರಗೆ ನೋಡಿದ. ಕ್ಷೌರದಣ್ಣ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದ. ಅವನಿಗಿಂತ ಮುಂದಾಗಿ ಅವನ ಬದನೆಕಾಯಿ ಮೂಗು ತೂಕಡಿಸುತ್ತಿತ್ತು. ಎದುರಿಗೆ ದರ್ಜಿಯ ಕಿವಿಗಳು, ಕೊಪ್ಪರಿಗೆಯ ಹಿಡಿಗಳು. ಆಚೆ ಔಷಧಿ ಅಂಗಡಿಯವರ ಹಣೆ, ಹುಬ್ಬಿನಲ್ಲಿ ಶುರುವಾದದ್ದು ಕತ್ತಿನ ಹಿಂದೆ ಹೋಗಿ ಮುಗಿದಿತ್ತು.

ಬ್ರಷ್ ಓಡಿತು, ತಲೆ ಮತ್ತೆ ಕುಂಬಳಕಾಯಿಯಾಯಿತು. ಇಷ್ಟು ವರ್ಷ ಬೀದಿಯ ಮುಖಗಳಿಗೆ ತೋರಿದ ದಯೆಯನ್ನೆಲ್ಲ ಒಂದೇ ಸಲ ವಾಪಸು ಪಡೆದ. ಮೂಗಿನ ಮೇಲಿನ ಗುಳಿಯನ್ನೂ ಬಿಡಲಿಲ್ಲ. ಮುಗಿದಾಗ ತಾನೇ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಹುಟ್ಟಿದಾಗಿನಿಂದ ಇಷ್ಟು ಜೀವಂತ ಮುಖ ಅವನು ಬರೆದಿರಲಿಲ್ಲ. ಅಷ್ಟರಲ್ಲಿ ಮಾವ ತಂದ ಗಾಜು ಕೂರಿಸಿ, ಕಟ್ಟು ಹಾಕಿ ಎದೆಯುಬ್ಬಿಸಿ ನಿಂತ.

ಐದಕ್ಕೆ ಸರಿಯಾಗಿ ಮೇಡಂ ಬಂದರು. ಹಿಂದೆಯೇ, ಬೈಗುಳ ಕೇಳುವ ಆಸೆಯಿಂದ, ಮೂವರು ನೆರೆಯವರೂ ಬಂದರು. ಮೇಡಂ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಏನಪ್ಪಾ, ಮುಖ ಹಾಗೇ ಸೊಟ್ಟ ಬಿಟ್ಟಿದೀಯಲ್ಲ?"

"ಹಾಗೇ ಇರಬೇಕಲ್ವಾ ಮೇಡಂ?"

"ಹಾಗೇ ಇರಬೇಕಾದ್ರೆ ಇಷ್ಟು ದೂರ ಯಾಕೆ ಬರ್ತಿದ್ದೆ? ಮಕ್ಕಳು ಇವರನ್ನ ನೋಡಿ ನಗೋದ್ರಲ್ಲೇ ಪಾಠ ಮುಗಿಯುತ್ತೆ. ಇಲ್ಲೊಬ್ಬ ಯಾವ ಮುಖಾನಾದ್ರೂ ತಿದ್ದಿ ಕೂರಿಸ್ತಾನೆ ಅಂತ ಕೇಳಿದ್ದೆ. ಸ್ವಲ್ಪ ಮರ್ಯಾದಸ್ತರ ಹಾಗೆ ಮಾಡಿಕೊಡಲಿ ಅಂತ ನಿಮ್ಮ ಮಾವನಿಗೆ ಹೇಳಿದ್ನಲ್ಲ."

ಮಾವ ತಲೆ ಕೆರೆದುಕೊಂಡರು. "ಅದನ್ನ ಇವನಿಗೆ ಬೇರೆ ಹೇಳಬೇಕಾ ಮೇಡಂ? ಬೇಡ ಅಂದ್ರೂ ತಿದ್ದೋನು, ತಾನಾಗೇ ಮಾಡ್ತಾನೆ ಅಂತ ಸುಮ್ಮನಿದ್ದೆ."

"ಮಾಡಿದ್ದೆ ಮೇಡಂ," ಎಂದ ತಿದ್ದುಪಡಿ. "ಮಧ್ಯಾಹ್ನ ಎಷ್ಟು ಚೆನ್ನಾಗಿದ್ರು ಅಂತೀರಿ. ಬೇಕಾದ್ರೆ ಇವರನ್ನೇ ಕೇಳಿ. ಮೂವರೂ ಕಣ್ಣಾರೆ ನೋಡಿದಾರೆ."

ಮೇಡಂ ತಿರುಗಿದರು. ಸಾಕ್ಷಿಗಳು ಮೂವರೂ ಚಿತ್ರದ ಗಾಜಿಗೆ ಮುಖ ತಾಗಿಸಿ ನಿಂತಿದ್ದರು. ದರ್ಜಿಯ ಎರಡೂ ಕೈ ಕಿವಿಯ ಮೇಲಿದ್ದವು. ಔಷಧಿ ಅಂಗಡಿಯವರು ಕರವಸ್ತ್ರದಿಂದ ಹಣೆ ಮುಚ್ಚಿಕೊಂಡಿದ್ದರು.

"ನಾವೇನೂ ನೋಡಿಲ್ಲ ಮೇಡಂ," ಎಂದ ಕ್ಷೌರದಣ್ಣ. "ಲೋ, ಈ ಮೂಗು ಯಾರದು, ಅದನ್ನ ಹೇಳು ಮೊದಲು."

ತಿದ್ದುಪಡಿ ಒಮ್ಮೆ ಚಿತ್ರ ನೋಡಿದ, ಒಮ್ಮೆ ಅವನ ಮೂಗು ನೋಡಿದ. ಸುಮ್ಮನಿರಬೇಕೆಂದು ಅವನಿಗೂ ಗೊತ್ತಿತ್ತು. ಆಗಲಿಲ್ಲ.

"ಅಷ್ಟು ಚೆನ್ನಾಗಿ ಬಂದಿದ್ಯಾ ಅಣ್ಣಾ?"