ಕಾಯಂ ಆಗುವ ಗಳಿಗೆ

ವಿಘ್ನ ಕಳೆಯುವ ಗಣಪನಿಗೆ ಮೊದಲ ನಮಸ್ಕಾರ. ಕಳೆಯುವ ಮುಂಚೆ ಆ ವಿಘ್ನದಲ್ಲೇ ನಮ್ಮನ್ನು ಕೊಂಚ ನಗಿಸುತ್ತಾನಲ್ಲ, ಅದಕ್ಕೆ ಇನ್ನೊಂದು ನಮಸ್ಕಾರ.

ನನ್ನ ಎಡವಟ್ಟುಗಳಿಗೆ ಬಿಡುವೆಂಬುದೇ ಇಲ್ಲ. ವಡೋದರದ ಹೊರಗಿನ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಗುತ್ತಿಗೆಯ ಮೇಲೆ ಪಂಪು ರಿಪೇರಿ ಮಾಡಿದವನು ನಾನು. ನಲವತ್ತು ದಾಟಿದರೆ ಕಾಯಂ ನೌಕರಿಯ ಬಾಗಿಲು ಮುಚ್ಚಿದಂತೆಯೇ. ಮೂವತ್ತೊಂಬತ್ತರಲ್ಲಿ, ದೇವರು ದೊಡ್ಡವನು, ಸಂದರ್ಶನಕ್ಕೆ ಕರೆ ಬಂತು.

ಒಂದು

ಹಿಂದಿನ ಸಂಜೆ ಹನುಮಂತನ ಗುಡಿಗೆ ಹೋದೆ. ಗುಜರಾತಿನ ಗುಡಿಯಲ್ಲಿ ಕನ್ನಡದಲ್ಲಿ ಬೇಡಿಕೊಳ್ಳುವ ಸುಖವೇ ಬೇರೆ; ದೇವರನ್ನು ಬಿಟ್ಟು ಇನ್ನಾರಿಗೂ ತಿಳಿಯದು. ಗಟ್ಟಿಯಾಗಿಯೇ ಹೇಳಿಕೊಂಡೆ: "ಸ್ವಾಮಿ, ನನಗೆ ಬರೋದು ಅರ್ಧ ಕೆಲಸ. ಉಳಿದದ್ದು ಪಕ್ಕದವನನ್ನು ಕೇಳಿ ಮಾಡ್ತೀನಿ. ನಾಳೆ ಅವರು ಬರೋ ಅರ್ಧವನ್ನೇ ಕೇಳೋ ಹಾಗೆ ಮಾಡಪ್ಪಾ."

ಹಿಂದೆ ಕೈಮುಗಿದು ನಿಂತಿದ್ದ ಹಿರಿಯರೊಬ್ಬರು ಕೆಮ್ಮಿದರು. "ಬರದೇ ಇರೋ ಅರ್ಧ ಯಾವುದು ಅಂತ ಸರಿಯಾಗಿ ಹೇಳಿಬಿಡಿ ಇವರೇ. ನಾಳೆ ಪ್ರಶ್ನೆ ಕೇಳೋನು ನಾನೇ."

ಮೈಸೂರಿನಿಂದ ವರ್ಗವಾಗಿ ಬಂದ ಅಧಿಕಾರಿಯಂತೆ! ಹೆದರಿ, ಮನೆಗೆ ಓಡಿ, ಬಾರದ ಅರ್ಧವನ್ನೇ ಕೂತು ಓದಿದೆ. ಅವರು ಅದನ್ನೇ ಕೇಳಿದರು, ಪಾಸಾದೆ. ಬರುವ ಅರ್ಧವನ್ನು ಕೇಳಿದ್ದರೆ ಖಂಡಿತ ಫೇಲು.

ಎರಡು

ಮುಂದೆ ವೈದ್ಯಕೀಯ ತಪಾಸಣೆ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿದ್ದರು, ಹೋದೆ. ರಕ್ತದಲ್ಲಿ ಸಕ್ಕರೆ ಏರಿತ್ತು.

"ಏನು ತಿಂದು ಬಂದ್ರಿ?" ಡಾಕ್ಟರು ಕೇಳಿದರು.

"ಏನೂ ಇಲ್ಲ ಸಾಹೇಬ್. ಕಾಫಿಯನ್ನೂ ಮುಟ್ಟಿಲ್ಲ."

"ಏನೇನೂ?"

"ಹೆಂಡತಿ ಸತ್ಯನಾರಾಯಣ ಪೂಜೆ ಮಾಡಿಸಿದ್ದಳು. ಬರೀ ಪ್ರಸಾದ. ಒಂದು ಬಟ್ಟಲು ಸಜ್ಜಿಗೆ, ಎರಡು ಬಾಳೆಹಣ್ಣು. ಪ್ರಸಾದ ಊಟದ ಲೆಕ್ಕಕ್ಕೆ ಬರೋದಿಲ್ಲವಲ್ಲ."

ಡಾಕ್ಟರು ಕನ್ನಡಕ ತೆಗೆದರು. "ಭಾಯಿ, ಅದು ನಿಮಗೆ ಗೊತ್ತು, ನನಗೂ ಗೊತ್ತು. ನಿಮ್ಮ ರಕ್ತಕ್ಕೆ ಗೊತ್ತಿಲ್ಲ. ನಾಳೆ ಮತ್ತೆ ಬನ್ನಿ."

ಮೂರು

ಕೆಲಸಕ್ಕೆ ಹಾಜರಾಗಲು ಕೊನೆಯ ದಿನ ಗುರುವಾರ. ಅಂದು ಸಹಿ ಬೀಳದಿದ್ದರೆ ಆದೇಶ ರದ್ದು. ಬೆಳಿಗ್ಗೆಯೇ ಹೋಗಿದ್ದೆ, ದಾಖಲೆಗಳ ಪರಿಶೀಲನೆ ಮುಗಿದು ಕಾಗದ ಮೇಜಿಗೆ ಬರುವಾಗ ಒಂದೂ ಮುಕ್ಕಾಲು. ಗುರುವಾರ ಒಂದೂವರೆಯಿಂದ ಮೂರು ರಾಹುಕಾಲ!

ಮೇಜಿನಾಚೆ ಇದ್ದ ಗುಜರಾತಿ ಅಧಿಕಾರಿಣಿ ಪೆನ್ನು ಚಾಚಿದರು. "ಬೇಗ ಹಾಕಿ ಭಾಯಿ, ಅಮೃತ ಚೋಘಡಿಯಾ ನಡೀತಿದೆ." ಅಲ್ಲಿಯವರ ಗಳಿಗೆ ಲೆಕ್ಕ ಅದು; ಅವರ ಮೇಜಿನ ಗಾಜಿನಡಿ ಪಟ್ಟಿಯೇ ಇತ್ತು.

"ಬೆನ್, ನಮ್ಮಲ್ಲಿ ಇದು ರಾಹುಕಾಲ. ಮೂರಕ್ಕೆ ಹಾಕ್ತೀನಿ," ಎಂದೆ. ಅಕ್ಕ ಎನ್ನುವುದಕ್ಕೆ ಅಲ್ಲಿ ಬೆನ್.

ಪಾಪ, ಭಕ್ತೆಯೇ, ಒಪ್ಪಿದರು. ಮೂರು ಹೊಡೆಯಿತು. ನಾನು ಪೆನ್ನು ಎತ್ತಿದೆ, ಅವರು ಕಾಗದದ ಮೇಲೆ ಅಂಗೈ ಇಟ್ಟರು. "ಈಗ ನಮ್ಮಲ್ಲಿ ಕಾಲ ಚೋಘಡಿಯಾ, ಕೆಟ್ಟದ್ದು. ನಾಲ್ಕೂವರೆ ಮೇಲೆ ಶುಭ."

"ನಮ್ಮಲ್ಲೂ ಆಗ ತೊಂದರೆ ಇಲ್ಲ ಬೆನ್." ಇಬ್ಬರೂ ಬೀಗರ ಹಾಗೆ ಎದುರುಬದುರು ಕೂತು ಚಹಾ ಕುಡಿದೆವು.

ನಾಲ್ಕಕ್ಕೆ ಅವರ ಮೇಲಧಿಕಾರಿ ಬ್ಯಾಗು ಹಿಡಿದು ಬಂದರು. "ಇನ್ನೂ ಸಹಿ ಆಗಿಲ್ವಾ? ನಾನೂ ಹಾಕಬೇಕು, ಈಗಲೇ ಅಹಮದಾಬಾದಿಗೆ ಹೊರಟಿದ್ದೀನಿ."

ಹನ್ನೊಂದು ವರ್ಷ ಕಾದ ಕಾಗದ. ಹಾಕಿದರೆ ಕೆಟ್ಟ ಗಳಿಗೆ, ಬಿಟ್ಟರೆ ನೌಕರಿಯೇ ಇಲ್ಲ. ತೊದಲುತ್ತ ವಿಷಯ ಹೇಳಿದೆ.

"ಗುತ್ತಿಗೆ ಕಾಗದಕ್ಕೆ ಸಹಿ ಹಾಕುವಾಗಲೂ ಹೀಗೇ ಗಳಿಗೆ ನೋಡ್ತಿದ್ರಾ?"

"ಪ್ರತಿ ಸಲವೂ ಸರ್! ಪಂಚಾಂಗ ನೋಡಿ, ಅತ್ಯುತ್ತಮ ಮುಹೂರ್ತದಲ್ಲೇ."

"ಎಷ್ಟು ದಿನ ಬಾಳ್ತಿತ್ತು ಒಂದೊಂದು?"

"ಆರು ತಿಂಗಳು ಸರ್."

"ನೋಡಿ, ಒಳ್ಳೆ ಗಳಿಗೆಯ ಯೋಗ್ಯತೆ ಆರು ತಿಂಗಳು. ಇದೊಂದನ್ನ ಕೆಟ್ಟ ಗಳಿಗೆಯಲ್ಲೇ ಹಾಕ್ರೀ, ನಿವೃತ್ತಿವರೆಗೆ ಬಾಳಲಿ!"

ಕಣ್ಣು ಮುಚ್ಚಿ, ರಾಮಾ ಎಂದು ಹಾಕಿಬಿಟ್ಟೆ. ಕಣ್ಣು ತೆರೆದರೆ, ಸಹಿ ಬಿದ್ದದ್ದು ಮೇಲಧಿಕಾರಿ ಹಾಕಬೇಕಾದ ಜಾಗದಲ್ಲಿ! ಅವರು ನಕ್ಕು ನನ್ನ ಜಾಗದಲ್ಲಿ ತಮ್ಮ ಸಹಿ ಗೀಚಿ, ಬಾಣ ಎಳೆದು ಹೊರಟರು. ಹೀಗೆ, ನನ್ನನ್ನು ಕಾಯಂ ಮಾಡಿದ ಮೇಲಧಿಕಾರಿ ಇವತ್ತಿಗೂ ದಾಖಲೆಯಲ್ಲಿ ನಾನೇ.

ಕೇಳಿದ ನಿಮ್ಮೆಲ್ಲರ ಅನ್ನದ ದಾರಿ ಗಟ್ಟಿಯಾಗಲಿ. ಗಳಿಗೆ ಯಾವುದೇ ಇರಲಿ, ಭಗವಂತ ನಿಮ್ಮ ಪಕ್ಕದಲ್ಲಿರಲಿ.