ಸಾಯದ ತಿಗಣೆಗಳೂ ನಮ್ಮ ಸೋದರಮಾವನೂ

ತಿಗಣೆ ಸಾಯಲಿಲ್ಲವೆಂಬ ಸಂತೋಷಕ್ಕೆ ಓಣಿಗೆಲ್ಲ ಪೇಡೆ ಹಂಚಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಆ ಪೇಡೆ ತಿಂದಿದ್ದೇನೆ!

ಅವರು ನನ್ನ ಸೋದರಮಾವ, ಹೊಸಪೇಟೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಎಪ್ಪತ್ತರ ದಶಕದಲ್ಲಿ ನಾನು ಅವರ ಮನೆಯಲ್ಲಿದ್ದು ಓದುತ್ತಿದ್ದೆ. ಕಾಲುವೆ ನೀರು ಬಂದು, ಎರಡೆರಡು ಬೆಳೆ ತೆಗೆದು, ಮನೆಮನೆಗೂ ಹೊಸ ಮಂಚ, ಹತ್ತಿಯ ಗಾದಿ ಬಂದ ಕಾಲ. ಜನರ ಜೊತೆ ತಿಗಣೆಗಳೂ ಅನುಕೂಲಸ್ಥರಾದವು.

ನಮ್ಮತ್ತೆ ಹೊಲದ ಔಷಧಿ ಮಾರುವ ಅಂಗಡಿಯಿಂದ ಡಿಡಿಟಿ ಪುಡಿ ತಂದು ಮಂಚಗಳಿಗೆ ಬಳಿದರು. ಮೊದಲ ಬೇಸಿಗೆ ತಿಗಣೆಗಳು ಚೆಲ್ಲಿದ ಎಳ್ಳಿನ ಹಾಗೆ ಉದುರಿದವು. ಅತ್ತೆ ಕಸಬರಿಗೆ ಹಿಡಿದು ಗುಡಿಸಿದ ಠೀವಿ ನೋಡಬೇಕಿತ್ತು! ಆದರೆ ಕೆಲವು ವರ್ಷಗಳಲ್ಲಿ ಅದೇ ಪುಡಿ ಬಳಿದರೆ, ತಿಗಣೆಗಳು ಮೈತುಂಬ ವಿಭೂತಿ ಬಳಿದುಕೊಂಡ ಸ್ವಾಮಿಗಳಂತೆ ಸಾಲಾಗಿ ಹೊರಗೆ ಬಂದವು. ಒಂದೂ ಸಾಯಲಿಲ್ಲ.

ಅತ್ತೆ ಕೆಂಡವಾಗಿ ಅಂಗಡಿಗೆ ಹೋಗಿ, ಪುಡಿಯಲ್ಲಿ ಸುಣ್ಣ ಬೆರೆಸಿದ್ದೀ ಎಂದು ಜಗಳ ತೆಗೆದರು. ಅಂಗಡಿಯವನು ತಣ್ಣಗೆ ಹೇಳಿದನಂತೆ: "ಅಕ್ಕಾರ, ಪುಡಿ ಅದೇ ಐತ್ರಿ. ನಿಮ್ಮ ತಗಣಿ ಬ್ಯಾರೆ ಆಗ್ಯಾವ."

ಊಟಕ್ಕೆ ಕೂತಿದ್ದ ಮಾವ ಇದನ್ನು ಕೇಳಿ ಎದ್ದು ನಿಂತುಬಿಟ್ಟರು. ಅವನು ಹೇಳಿದ್ದೇ ಸರಿ ಎಂದರು. ತಿಗಣೆಗಳಿಗೆ ಪುಡಿ ರೂಢಿಯಾಗಿರಬೇಕು, ನಿಮಗೆ ನಶ್ಯ ರೂಢಿಯಾದ ಹಾಗೆ, ಎಂದು ಅತ್ತೆ ಚುಚ್ಚಿದರು.

"ಯಾವ ತಗಣಿಗೂ ರೂಢಿ ಆಗಿಲ್ಲ" ಎಂದರು ಮಾವ. "ಆ ಹಿಂಡಿನಾಗ ಒಂದೆರಡು ಹುಟ್ಟಿದಾಗಿಂದನ ಪುಡಿ ತಡಕೊಳ್ಳೋವು ಇದ್ವು. ಉಳಿದಾವೆಲ್ಲ ಸತ್ವು. ಈಗ ಇರೋವು ಆ ಒಂದೆರಡರ ಮಕ್ಕಳು ಮೊಮ್ಮಕ್ಕಳು. ನೀನು ಆರಿಸಿ ಆರಿಸಿ ಸಾಕೀದಿ."

ತಿಗಣೆ ಸಾಕಿದವಳು ಎನ್ನಿಸಿಕೊಂಡ ಆಘಾತಕ್ಕೆ ಅತ್ತೆ ಅಂದು ಅನ್ನವನ್ನೇ ಮುಟ್ಟಲಿಲ್ಲ.

ಮಾವ ಅಲ್ಲಿಗೆ ಬಿಟ್ಟರೇ? ಮಾತನ್ನು ರುಜುವಾತು ಮಾಡಬೇಕಲ್ಲ! ದರೋಜಿಯಲ್ಲಿ ಅತ್ತೆಯ ಅಕ್ಕನ ಮನೆ. ಆ ಮನೆ ಪುಡಿಯ ಮುಖವನ್ನೇ ಕಂಡದ್ದಲ್ಲ. ಮಾವ ಅಲ್ಲಿಗೆ ಹೋಗಿ, ಆದರಾತಿಥ್ಯ ಸ್ವೀಕರಿಸಿ, ಬರುವಾಗ ಮಂಚ ತಡವಿ ಒಂದು ಸೀಸೆ ತುಂಬ ತಿಗಣೆ ಹಿಡಿದುಕೊಂಡು ಹೊರಟರು. ಅತ್ತೆಯ ಅಕ್ಕ ಮುಂದೆ ವರ್ಷಗಟ್ಟಲೆ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಕಿಕ್ಕಿರಿದ ಬಸ್ಸಿನಲ್ಲಿ ಕಂಡಕ್ಟರು ಸೀಸೆಯಲ್ಲಿ ಏನೆಂದು ಕೇಳಿದ. ಮಾವ ಸುಳ್ಳು ಹೇಳುವವರಲ್ಲ. ಹೊಸಪೇಟೆಯವರೆಗೆ ಇಡೀ ಸೀಟಿನಲ್ಲಿ ಕಾಲು ಚಾಚಿಕೊಂಡು ಒಬ್ಬರೇ ಬಂದರು!

ನಾವು ದಿಗಿಲುಬಿದ್ದದ್ದು ಆಮೇಲೆ. ನಮ್ಮ ಮನೆಯ ತಿಗಣೆಗಳದ್ದೊಂದು, ದರೋಜಿಯವುಗಳದ್ದೊಂದು, ಎರಡು ಸೀಸೆಯ ಬಾಯಿಗೂ ತೆಳ್ಳನೆ ಬಟ್ಟೆ ಕಟ್ಟಿ, ಮಾವ ಅವನ್ನು ತಮ್ಮ ತೋಳಿಗೆ ಒತ್ತಿ ಹಿಡಿದು ಕೂತಿದ್ದರು. ಊಟ ಹಾಕುತ್ತಿದ್ದಾರಂತೆ! ಹಸಿದು ಸತ್ತರೆ ಪುಡಿಗೆ ಸತ್ತವೋ ಹಸಿವಿಗೋ ತಿಳಿಯಬೇಡವೇ ಎಂದು ನನ್ನನ್ನೇ ಕೇಳಿದರು. ಹೊಟ್ಟೆ ತುಂಬಿದ ಮೇಲೆ ಎರಡಕ್ಕೂ ಒಂದೇ ಅಳತೆಯ ಪುಡಿ ಹಾಕಿದರು. ದರೋಜಿಯವು ಒಂದೊಂದಾಗಿ ಸತ್ತವು. ನಮ್ಮವು ಆರಾಮಾಗಿ ಓಡಾಡಿಕೊಂಡಿದ್ದವು. ಪೇಡೆ ಹಂಚಿದ್ದು ಆಗ. ಮಾವನ ಮಗಳಿಗೆ ಸಂಬಂಧ ಕೂಡಿತೆಂದು ತಿಳಿದು ಬಾಯಿಗೆ ಹಾಕಿಕೊಂಡ ಪಕ್ಕದ ಮನೆಯಾಕೆ ಕಾರಣ ಕೇಳಿ ಅರ್ಧ ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು ನಡೆದುಬಿಟ್ಟರು.

ಮಗಳಿಗೆ ಸಂಬಂಧ ಬಂದದ್ದು ಮುಂದಿನ ವರ್ಷ, ಕಂಪ್ಲಿಯಿಂದ. ಹುಡುಗನ ತಂದೆ ಭತ್ತದ ಗದ್ದೆಯವರು, ಆಜಾನುಬಾಹು; ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ತಿಗಣೆಯ ಸುದ್ದಿ ಎತ್ತಬಾರದೆಂದು ಅತ್ತೆ ಮಾವನಿಂದ ಆಣೆ ಮಾಡಿಸಿಕೊಂಡಿದ್ದರು. ಮಾವ ಮಾತಿಗೆ ತಪ್ಪಲಿಲ್ಲ. ಆದರೆ ತಿಗಣೆಗಳು ಆಣೆ ಮಾಡಿರಲಿಲ್ಲವಲ್ಲ! ಮಂಚದ ಮೇಲೆ ಕೂತ ಬೀಗರು ಉಪ್ಪಿಟ್ಟಿನ ತಟ್ಟೆ ಹಿಡಿದೇ ಥಟ್ಟನೆ ಎದ್ದು ನಿಂತರು. ಅತ್ತೆಯ ಮುಖದಲ್ಲಿ ರಕ್ತವಿರಲಿಲ್ಲ. ಮಾವನ ಮುಖ ಅರಳಿತು. ಶುರುವಾಯಿತು ಪಾಠ.

ಆಶ್ಚರ್ಯವೆಂದರೆ ಬೀಗರು ಪೂರ್ತಿ ಕೇಳಿದರು. ತಮ್ಮ ಭತ್ತದ ಹುಳಕ್ಕೂ ಈಗೀಗ ಔಷಧಿ ನಾಟುತ್ತಿಲ್ಲವೆಂದರು. ಆಮೇಲೆ ತಟ್ಟೆ ಕೆಳಗಿಟ್ಟು ಮತ್ತೆ ಮಂಚದ ಮೇಲೆ ಕೂತರು.

"ಅಂದ್ರ ಗಟ್ಟಿ ಇದ್ದದ್ದು ಉಳೀತದ ಅಂದ್ರಿ. ಸಿಟ್ಟಾಗಬ್ಯಾಡ್ರಿ ಮಾಸ್ತರ. ನಮ್ದು ದುಡಿಯೋ ಮನಿ. ನಿಮ್ಮ ಮಗಳು ಭಾಳ ಸಣ್ಣಾಕಿ ಕಾಣ್ತಾಳ."

ಬಾಗಿಲ ಮರೆಯಲ್ಲಿ ಹುಡುಗಿ ನಿಂತಿದ್ದಳು. ಮಾವ ಒಮ್ಮೆ ಅತ್ತ ನೋಡಿದರು.

"ಗಟ್ಟಿ ಅಂತ ನಾನು ಅಂದಿಲ್ರಿ. ಆ ಪುಡಿ ತಡಕೊಂಡದ್ದು ಅಂದೆ. ಬ್ಯಾರೆ ಪುಡಿ ಹಾಕಿದ್ರ ಅವೂ ಸಾಯ್ತಾವ" ಎಂದರು. ದನಿ ಸಣ್ಣದಾಗಿತ್ತು. "ಮತ್ತ ಅದು ತಗಣಿ ಮಾತು. ಈಕಿ ದಿನ ತುಂಬದ ಹುಟ್ಟಿದಾಕಿ. ಅಂಗೈ ಮ್ಯಾಲೆ ಹಿಡೀತಿದ್ಲು. ಉಳಿಯಂಗಿಲ್ಲ ಅಂತ ಎಲ್ಲಾರೂ ಕೈ ಬಿಟ್ರು. ಅರಿವಿ ಸುತ್ತಿ ಎದಿಗೆ ಹಚ್ಚಿಗೊಂಡು ಕುಂತೆ. ಬೆಚ್ಚಗಿದ್ರ ಉಸುರಾಡ್ತಿದ್ಲು. ಈಕಿ ಗಟ್ಟಿ ಇದ್ದದ್ದಕ್ಕ ಉಳೀಲಿಲ್ರಿ. ನಾವು ಬಿಡಲಿಲ್ಲ, ಅದಕ್ಕ ಉಳಿದ್ಲು."

ನನಗೆ ಇದು ಗೊತ್ತೇ ಇರಲಿಲ್ಲ. ತನ್ನ ತೋಳನ್ನು ತಿಗಣೆಗೆ ಕೊಟ್ಟ ಮನುಷ್ಯನೆಂದು ನಾನು ನಕ್ಕ ಮಾವ ಇವರೇನಾ?

ಬೀಗರು ಕೇಳಿದರು: "ಹಂಗ ಎಷ್ಟು ದಿವಸ ಹಿಡಕೊಂಡು ಕುಂತಿದ್ರಿ?"

"ಇನ್ನಾ ಇಳಿಸಿಲ್ರಿ" ಎಂದರು ಮಾವ.

ಬೀಗರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು, ಹುಡುಗಿಯನ್ನು ಕರೆಯಲು ಹೆಂಡತಿಗೆ ಹೇಳಿದರು. ಅವಳು ಬಂದಾಗ ತಾವೇ ಸರಿದು, ತಮ್ಮ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.