ಕೊಟ್ಟಿಗೆಗೊಂದು ಫೋನು

ನಮ್ಮ ಮನೆಗೆ ಇಂಟರ್‌ನೆಟ್ ಹರಿಸಿಯೇ ತೀರುತ್ತೇನೆ! ಹೀಗೆಂದು ನಾನು ಘೋಷಿಸಿದ್ದು ತೊಂಬತ್ತೊಂಬತ್ತರ ಬೇಸಿಗೆಯಲ್ಲಿ, ಊಟಕ್ಕೆ ಕೂತು ಮುದ್ದೆ ಮುರಿಯುತ್ತಾ. ನಮ್ಮ ಸೀಮೆಗೆ ನಾಲೆ ತಂದ ಪುಣ್ಯಾತ್ಮರೂ ಅಷ್ಟು ಗಂಭೀರವಾಗಿ ಮಾತಾಡಿರಲಿಕ್ಕಿಲ್ಲ.

"ಮೊದ್ಲು ಬಚ್ಚಲಿಗೆ ನೀರು ಹರಿಸಿ. ನಲ್ಲಿ ಕೆಟ್ಟು ವಾರ ಆಯ್ತು" ಎಂದಳು ಹೆಂಡತಿ ಪ್ರಮೀಳಾ.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಾಂಡವಪುರದ ಹೈಸ್ಕೂಲಿನಲ್ಲಿ ವಿದ್ಯುನ್ಮಂಡಲದ ಚಿತ್ರ ಬರೆದು ಬರೆದು ಬೋರ್ಡು ಸವೆಸಿದ ವಿಜ್ಞಾನದ ಮೇಷ್ಟ್ರು ನಾನು. ಒಂದು ಟೆಲಿಫೋನ್ ತಂತಿಗೆ ಹೆದರುವ ಆಸಾಮಿಯೇ?

ಹಳೆಯ ಕಂಪ್ಯೂಟರೊಂದು ಆಗಲೇ ಮನೆಗೆ ಬಂದಿತ್ತು. ಅದನ್ನು ಫೋನ್ ತಂತಿಗೆ ಹತ್ತಿಸಲು ಮೋಡೆಮ್ ಎಂಬ ಪೆಟ್ಟಿಗೆ ಬೇಕು. ಮೈಸೂರಿನ ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವುದು, ಇನ್ನೊಂದು ಹೊರಗೆ ಮಿಣಮಿಣ ದೀಪ ಹೊತ್ತಿಸಿಕೊಂಡು ಕೂರುವುದು. ಒಳಗೆ ಕೂತರೆ ನೆಂಟರಿಷ್ಟರಿಗೆ ತೋರಿಸುವುದು ಹೇಗೆ? ಅಂಗಡಿಯಲ್ಲಿ ಅತಿ ಹೆಚ್ಚು ದೀಪವಿದ್ದ ಪೆಟ್ಟಿಗೆಯನ್ನೇ ಆರಿಸಿದೆ. ದೀಪ ಹೆಚ್ಚಿದ್ದಷ್ಟೂ ಬುದ್ಧಿ ಹೆಚ್ಚು ಎಂಬುದು ನನ್ನ ವೈಜ್ಞಾನಿಕ ಅಂದಾಜು.

ಶನಿವಾರ ಸಂಜೆಯಷ್ಟರಲ್ಲಿ ಇದ್ದ ಒಂದೇ ಲೈನಿಗೆ ಮೂರು ಕವಲು ತೆಗೆದಿದ್ದೆ! ಒಂದು ನಡುಮನೆಯ ಫೋನಿಗೆ, ಒಂದು ನನ್ನ ಕೋಣೆಯ ಮೋಡೆಮ್ಮಿಗೆ. ಮೂರನೆಯದು ಹಿತ್ತಲಿನ ಕೊಟ್ಟಿಗೆಗೆ. ಹಾಲು ಕರೆಯುವಾಗ ಫೋನು ಬಂದರೆ ಪ್ರಮೀಳಾ ಓಡಿಬರುವುದು ಬೇಡವೆಂದು ನಾನೇ ಹಳೆಯ ಸೆಟ್ಟೊಂದನ್ನು ಅಲ್ಲಿ ಮೊಳೆ ಹೊಡೆದು ಕೂರಿಸಿದ್ದೆ.

"ಕೊಟ್ಟಿಗೆಗೆ ಯಾಕ್ರೀ ಫೋನು? ಹಸ ಯಾರ್ ಜತೆ ಮಾತಾಡ್ಬೇಕು?"

"ನಿನಗೆ ಒಳ್ಳೇದು ಮಾಡಾಕೋದ್ರೆ ಇಂಗಂತೀಯಲ್ಲೇ!" ಎಂದು ನೊಂದುಕೊಂಡೆ.

ಈಗ ವಿಷಯಕ್ಕೆ ಬರುತ್ತೇನೆ. ಮಾರನೆಯ ದಿನ, ಭಾನುವಾರ, ನಮ್ಮ ಮನೆಗೆ ಒಂದು ಫೋನು ಬರಬೇಕಿತ್ತು. ನನ್ನ ತಂಗಿ ದಿವ್ಯಳನ್ನು ಶೀಳನೆರೆಯ ಜವರಯ್ಯನವರು ಮಗ ಲೋಕೇಶನಿಗಾಗಿ ನೋಡಿಕೊಂಡು ಹೋಗಿದ್ದರು. ಭಾನುವಾರ ಬೆಳಿಗ್ಗೆ ಫೋನು ಮಾಡಿ ಏನಂತ ಹೇಳುತ್ತೇವೆ ಎಂದಿದ್ದರು. ದಿವ್ಯಳಿಗೆ ಹುಡುಗ ಮೆಚ್ಚಿಗೆಯಾಗಿದ್ದ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಎರಡು ದಿನದಿಂದ ಸಾರಿಗೆ ಉಪ್ಪು ಹಾಕುವುದನ್ನೇ ಮರೆಯುತ್ತಿದ್ದಳು. ಹೆಣ್ಣಿನ ಕಡೆಯವರು ನಾವಾಗಿಯೇ ಫೋನು ಮಾಡಿ ಕೇಳುವುದು ನಮ್ಮಲ್ಲಿ ಸಲ್ಲದು. ಕಾಯಬೇಕು, ಅಷ್ಟೇ.

"ಇವತ್ತೊಂದಿನ ಆ ಪೆಟ್ಗೆ ಮುಟ್ಬೇಡಿ ಕಣ್ರೀ" ಎಂದಳು ಪ್ರಮೀಳಾ, ಭಾನುವಾರ ಬೆಳಿಗ್ಗೆ ಹಾಲು ಕರೆದು ಬಂದವಳೇ.

"ಒಂದೇ ಒಂದು ಗಳಿಗೆ! ಅವರು ಮಾಡೋದ್ರೊಳಗೆ ಮುಗಿಸ್ಬುಡ್ತೀನಿ!"

ಮೋಡೆಮ್ ಚಾಲೂ ಮಾಡಿದೆ. ದೀಪಗಳೆಲ್ಲ ಹೊತ್ತಿದವು. ಆಹಾ! ಕಂಪ್ಯೂಟರು ಮಾತ್ರ 'ಡಯಲ್ ಟೋನ್ ಇಲ್ಲ' ಎಂದಿತು. ಮತ್ತೆ ಮಾಡಿದೆ. ಮತ್ತೆ ಇಲ್ಲ ಎಂದಿತು. ತಂತಿ ಕಿತ್ತು ತಿರುಗಿಸಿ ಸಿಕ್ಕಿಸಿದೆ, ಪೆಟ್ಟಿಗೆಯ ತಲೆಗೆ ಮೊಟಕಿದೆ, ಜೊತೆಗೆ ಬಂದ ಪುಸ್ತಕ ಓದಿದೆ. ಪುಸ್ತಕ ಓದಿದ ಮೇಲೆ ಮೊದಲು ತಿಳಿದಿದ್ದದ್ದೂ ಮರೆತುಹೋಯಿತು.

ಅಷ್ಟರಲ್ಲಿ ನಡುಮನೆಯಿಂದ ಪ್ರಮೀಳಾ ಕೂಗಿದಳು. "ರೀ! ಫೋನಲ್ಲಿ ಯಾರೋ ಉಸುರು ಬುಡ್ತಾವ್ರೆ!"

ಓಡಿಹೋಗಿ ರಿಸೀವರ್ ಕಿವಿಗಿಟ್ಟೆ. ಹೌದು! ಭುಸ್... ಭುಸ್... ಎಂಬ ದೊಡ್ಡ ಉಸಿರು. ನಡುವೆ ಕಚಪಚ ಎಂಬ ಸದ್ದು. ನನ್ನ ಮೈ ಜುಮ್ಮೆಂದಿತು.

"ಪ್ರಮೀಳಾ, ಇದು ಇಂಟರ್‌ನೆಟ್ಟು! ಲೈನು ಒಳಗೊಳಗೇ ಹತ್ಕೋತಾ ಅದೆ. ಇದು ಇಡೀ ಜಗತ್ತಿನ ಉಸಿರು ಕಣೇ!"

"ಜಗತ್ತಿಗೆ ನೆಗಡಿ ಆಗಿರಂಗದೆ" ಎಂದಳು.

ಗಡಿಯಾರ ಹತ್ತು ಹೊಡೆಯಿತು, ಹನ್ನೊಂದು ಹೊಡೆಯಿತು. ಫೋನು ಹೊಡೆಯಲಿಲ್ಲ. ಮೋಡೆಮ್ಮನ್ನು ಕಿತ್ತು ಮಂಚದ ಮೇಲೆಸೆದೆ. ಆದರೂ ಫೋನಿನಲ್ಲಿ ಅದೇ ಭುಸ್! ಸರಿ, ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಸೈಕಲ್ ತುಳಿದೆ. ಅಲ್ಲಿಂದ ನಮ್ಮ ಮನೆಗೇ ಫೋನು ಮಾಡಿದರೆ ಎಂಗೇಜು. ಖುಷಿಯೋ ಖುಷಿ! ಲೈನು ಸತ್ತಿದ್ದರೆ ಎಂಗೇಜ್ ಬರುವುದುಂಟೇ? ಜವರಯ್ಯನವರೇ ಮಾತಾಡುತ್ತಿರಬೇಕು ಎಂದುಕೊಂಡು ಹಾರಿಕೊಂಡು ಮನೆಗೆ ಬಂದೆ.

"ಏನಂದ್ರು? ಒಪ್ಪಿದ್ರಾ?"

"ಯಾರು?" ಎಂದಳು ಪ್ರಮೀಳಾ. "ಫೋನೇ ಬಂದಿಲ್ವಲ್ಲ."

ಯಾರೂ ಮಾತಾಡದೆ ಲೈನು ಎಂಗೇಜು! ಅಂದರೆ ಬೆಳಗಿನಿಂದ ಅವರು ಎಷ್ಟು ಸಲ ಮಾಡಿದ್ದಾರೋ, ಎಷ್ಟು ಬೇಸರಪಟ್ಟಿದ್ದಾರೋ! ದಿವ್ಯ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. "ಬುಡಣ್ಣ, ಹೋಗ್ಲಿ" ಎಂದಳು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಆ ಮೆಲುದನಿ ಕೇಳಿ ನನಗೆ ಅಳುವೇ ಬಂದಿತು.

"ತಂಗಿ ಬಾಳಿಗಿಂತ ದೊಡ್ಡದಾಗೋಯ್ತಾ ಆ ಮಿಣಮಿಣ?" ಎಂದು ಪ್ರಮೀಳಾ ಗುಡುಗುತ್ತಿರುವಾಗಲೇ ಬಾಗಿಲಲ್ಲಿ ವ್ಯಾನೊಂದು ಬಂದು ನಿಂತಿತು. ಇಳಿದವರು ಸಾಕ್ಷಾತ್ ಜವರಯ್ಯನವರು! ಹಿಂದೆ ಅವರ ಹೆಂಡತಿ, ಕೈಯಲ್ಲಿ ಹೂವು ಹಣ್ಣಿನ ತಟ್ಟೆ. ಅವರ ಹಿಂದೆ ಲೋಕೇಶ, ಹೊಸ ಷರಟಿನಲ್ಲಿ.

"ಏನ್ ಮೇಷ್ಟ್ರೇ!" ಎಂದರು ಜವರಯ್ಯ, ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ. "ಡಯಲ್ ಒತ್ತಿ ಒತ್ತಿ ಬೆರಳು ಸವದೋಯ್ತು! ಯಾವಾಗ್ ಮಾಡುದ್ರೂ ಎಂಗೇಜು. ನಮ್ಮೋಳು ಗಾಬ್ರಿ ಬಿದ್ಬುಟ್ಲು. ಇಷ್ಟೊತ್ತು ಮಾತಾಡ್ತಾವ್ರೆ ಅಂದ್ರೆ ಬ್ಯಾರೆ ಸಂಬಂಧದೋರು ಸಾಲಾಗಿ ಬಿದ್ದವ್ರೆ, ಹೆಣ್ಣು ಕೈತಪ್ಪಿ ಹೋಯ್ತದೆ, ಹೊರಡಿ ಅಂದ್ಲು. ಬಂದ್ಬುಟ್ವಿ!"

ನಾನು ತಡಬಡಿಸಿ ಚಾಪೆ ಹಾಸಿದೆ.

"ನಿಜ ಹೇಳ್ಬುಡ್ತೀನಿ" ಎಂದರು ದನಿ ತಗ್ಗಿಸಿ. "ಆಷಾಢ ಕಳೀಲಿ, ಆಮೇಲ್ ನೋಡಾನ ಅಂತ ಹೇಳಾಕೇ ಫೋನ್ ಮಾಡ್ತಿದ್ದೆ. ಇನ್ ತಡ ಬ್ಯಾಡ. ತಾಂಬೂಲ ಬದಲಾಯ್ಸ್ಕಳಾನ, ಏನಂತೀರಿ?"

ಏನೆನ್ನಲಿ! ಎದೆಯ ಮೇಲಿದ್ದ ಕಲ್ಲುಬಂಡೆ ಜಾರಿ ಬಿತ್ತು. ದಿವ್ಯ ಸರಕ್ಕನೆ ಒಳಗೆ ಓಡಿದಳು. ಆ ಹೊತ್ತಿನ ಪಾಯಸದಲ್ಲಿ ಸಕ್ಕರೆ ಎರಡರಷ್ಟಿತ್ತು. ಯಾರೂ ಚಕಾರ ಎತ್ತಲಿಲ್ಲ, ಲೋಕೇಶನಂತೂ ಇನ್ನಷ್ಟು ಹಾಕಿಸಿಕೊಂಡ.

ತಾಂಬೂಲ ಬದಲಾಯಿತು. ಭಯ ಹೋಯಿತಲ್ಲ, ನನ್ನ ಜಂಬ ಮರಳಿ ಬಂದಿತು! ಮಂಚದ ಮೇಲೆ ಬಿದ್ದಿದ್ದ ಮೋಡೆಮ್ಮನ್ನು ತಂದು ಬೀಗರ ಮುಂದಿಟ್ಟೆ. "ಇದರದ್ದೇ ಕೆಲ್ಸ ನೋಡಿ. ಬೆಳಗಿನಿಂದ ನಮ್ಮ ಲೈನು ಜಗತ್ತಿನ ಜೊತೆ ಸಂಪರ್ಕದಲ್ಲಿತ್ತು. ಅದಕ್ಕೇ ಎಂಗೇಜು!"

"ಓಹೋ!" ಎಂದು ಜವರಯ್ಯ ಅದನ್ನು ಒಮ್ಮೆ ತಿರುವಿ ನೋಡಿ ಕೆಳಗಿಟ್ಟರು. ಬೇಸಾಯಗಾರರು. ನೆಂಟರ ಮನೆಗೆ ಬಂದ ಮೇಲೆ ದನ ನೋಡದೆ ಹೋದಾರೆಯೇ? ಎಲೆಯಡಿಕೆ ಮೆಲ್ಲುತ್ತಾ ಹಿತ್ತಲಿಗೆ ನಡೆದರು.

ಅಲ್ಲಿಂದ ಅವರ ದನಿ ಬಂದಿತು.

"ಮೇಷ್ಟ್ರೇ! ನಿಮ್ ಹಸ ಯಾರ್ ಜತೇಲಿ ಮಾತಾಡ್ತಾ ಅದೆ?"

ಎಲ್ಲರೂ ಓಡಿದೆವು. ನಾನು ಕೂರಿಸಿದ ಫೋನಿನ ರಿಸೀವರ್ ಕೊಕ್ಕೆಯಿಂದ ಉರುಳಿ ಗೊಂತಿನಲ್ಲಿ ಹುಲ್ಲಿನ ಮೇಲೆ ಬಿದ್ದಿತ್ತು. ನಮ್ಮ ಕೆಂಪಿ ಅದಕ್ಕೆ ಮೂತಿಯಿಟ್ಟು ಭುಸ್ ಎಂದು ಉಸಿರುಬಿಟ್ಟು, ಉದ್ದನೆಯ ನಾಲಿಗೆಯಿಂದ ನಿಧಾನವಾಗಿ ನೆಕ್ಕುತ್ತಿತ್ತು. ಬೆಳಗಿನಿಂದಲೂ ಅದೇ ಕೆಲಸ!

ಜವರಯ್ಯ ಒಮ್ಮೆ ಹಸುವನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಸಂಬಂಧ ಮುರಿದೇಹೋಯಿತೆಂದು ನಾನು ಕಣ್ಣು ಮುಚ್ಚಿದೆ. ಕೊಟ್ಟಿಗೆಯ ಹೆಂಚು ಹಾರುವಂತೆ ನಗು ಕೇಳಿಸಿತು. ಬೀಗರು ಕಂಬ ಹಿಡಿದುಕೊಂಡು ನಗುತ್ತಿದ್ದರು. "ಅಲ್ಲಾ ಕಣಪ್ಪೋ, ನಮ್ಮ್ ಮದ್ವೆ ಮಾತ್ನ ಹಸ ಮುಗಿಸ್ಬುಡ್ತಲ್ಲ!"

ಪ್ರಮೀಳಾ ರಿಸೀವರನ್ನು ಎತ್ತಿ, ಸೆರಗಿನಲ್ಲಿ ಜೊಲ್ಲು ಒರೆಸಿ, ಕೊಕ್ಕೆಗೆ ಹಾಕಿದಳು. ಆಮೇಲೆ ಒಂದು ಹೊರೆ ಹುಲ್ಲು ತಂದು ನನ್ನ ಕೈಗೆ ತುರುಕಿದಳು.

"ತಕಳಿ. ಬೆಳಿಗ್ಗಿಂದ ಫೋನಲ್ಲಿ ಕೇಳುಸ್ಕಂಡ್ರಲ್ಲಾ, ಆ ಜಗತ್ತು ಹಸ್ಕಂಡದೆ!"